ಬೆಳ್ಳಗಾದ ಬೆಲ್ಲಕ್ಕೊಂದು ಪದಕ

ಕರಿಕೆಯವರಿಗೆ ಕಾವೇರಿಯ ವಿಷಯದಲ್ಲಿ ಬಾಯಿ ತೆರೆಯುವ ಅಧಿಕಾರವಿಲ್ಲ. ತಲಕಾವೇರಿಯ ಬೆಟ್ಟ ನಮ್ಮ ತಲೆಯ ಮೇಲೇ ಇದೆ, ನಿಜ. ಆದರೆ ನಾವಿರುವುದು ಅದರ ಬೆನ್ನ ಕಡೆ. ಬೆಟ್ಟದ ನೆತ್ತಿಯಿಂದ ಮೂಡಲಿಗೆ ಉರುಳಿದ ಹನಿ ಭಾಗಮಂಡಲದಲ್ಲಿ ತೀರ್ಥವಾಗುತ್ತದೆ, ಕುಶಾಲನಗರದಲ್ಲಿ ಪ್ರವಾಹವಾಗುತ್ತದೆ, ಕನ್ನಂಬಾಡಿಯಲ್ಲಿ ಟಿಎಂಸಿಯಾಗುತ್ತದೆ, ದೆಹಲಿಯಲ್ಲಿ ದಾವೆಯಾಗುತ್ತದೆ. ಪಡುವಲಿಗೆ ಉರುಳಿದ್ದು ಪಾಣತ್ತೂರಿಗೆ ಇಳಿದು, ಚಂದ್ರಗಿರಿ ಹೊಳೆ ಸೇರಿ, ಕಾಸರಗೋಡಿನ ಬಳಿ ಸದ್ದಿಲ್ಲದೆ ಕಡಲಿಗೆ ಹೋಗುತ್ತದೆ. ಅದಕ್ಕೆ ನ್ಯಾಯಮಂಡಳಿ ಇಲ್ಲ, ಬಾಗಿನವಿಲ್ಲ, ಬಂದ್ ಇಲ್ಲ. ವ್ಯಾಜ್ಯದಲ್ಲಿ ಪಾಲಿಲ್ಲದ ಇಂಥ ಊರಿನಲ್ಲಿ ಕೂತವನಿಗೆ ಒಂದು ಲಾಭವುಂಟು ಮಾರಾಯ್ರೇ: ಕೆಳಗಿನ ಸಕ್ಕರೆ ಸೀಮೆಯ ಚರಿತ್ರೆಯನ್ನು, ಯಾರಿಗೆ ಬೇಜಾರಾದೀತೋ ಎಂಬ ಹೆದರಿಕೆಯಿಲ್ಲದೆ ಹೇಳಬಹುದು.

ಆ ಚರಿತ್ರೆ ವೇದಿಕೆಯ ಮೇಲೆ ಯಾವಾಗಲೂ 1933ರಲ್ಲಿ ಹುಟ್ಟುತ್ತದೆ. ಮಂಡ್ಯ, ಮೈಸೂರು ಸಕ್ಕರೆ ಕಂಪನಿ, ದಿವಾನ್ ಮಿರ್ಜಾ ಇಸ್ಮಾಯಿಲ್, ಚಪ್ಪಾಳೆ. ಮಂಡ್ಯಕ್ಕೆ ಮೊದಲು ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ, ಕಾವೇರಿಯ ದಡದಲ್ಲೇ, 1847ರಲ್ಲಿ ಒಂದು ಸಕ್ಕರೆ ಕಾರ್ಖಾನೆ ಎದ್ದಿತ್ತು ಎಂಬುದನ್ನು ಯಾವ ಭಾಷಣಕಾರನೂ ಹೇಳುವುದಿಲ್ಲ. ಹೇಳಿದರೆ ಎಂಬತ್ತಾರು ವರ್ಷದ ಲೆಕ್ಕ ಹೆಚ್ಚಿಗೆ ಒಪ್ಪಿಸಬೇಕಾಗುತ್ತದೆ. ನಮ್ಮಲ್ಲಿ ಲೆಕ್ಕ ಒಪ್ಪಿಸುವುದಕ್ಕಿಂತ ಹುಟ್ಟಿದ ತಾರೀಕು ಬದಲಿಸುವುದು ಸುಲಭ.

ಅದಕ್ಕೂ ಹಿಂದಕ್ಕೆ ಹೋಗೋಣ. 1799ರಲ್ಲಿ ಟಿಪ್ಪು ಬಿದ್ದ. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆ ಹೊತ್ತು ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಬಂದರು. ವೈದ್ಯರೇ, ಆದರೆ ನಾಡಿ ಹಿಡಿದದ್ದು ಹೊಲಗಳದ್ದು. ಯಾವ ಮಣ್ಣು, ಯಾವ ಬೆಳೆ, ಎಷ್ಟು ಹುಟ್ಟುವಳಿ, ಎಷ್ಟು ಕಂದಾಯ ಎಂದು ಊರೂರು ಸುತ್ತಿ ಬರೆದುಕೊಂಡರು. ಶ್ರೀರಂಗಪಟ್ಟಣದ ಸುತ್ತ ರಸದಾಳಿ ಕಬ್ಬು, ಪಟ್ಟಾಪಟ್ಟಿ ಕಬ್ಬು ಎಂದು ಎರಡು ತಳಿ ಬೆಳೆಯುತ್ತಾರೆ, ಪಟ್ಟಾಪಟ್ಟಿ ಆರ್ಕಾಟಿನಿಂದ ಬಂದದ್ದು ಎಂಬುದೂ ಅವರ ಪುಸ್ತಕ ಸೇರಿತು. ಗೆದ್ದವರು ಕೋಟೆಯ ಫಿರಂಗಿ ಎಣಿಸಿ ಮುಗಿಸಿದ ಮೇಲೆ ಕಬ್ಬಿನ ಗೆಣ್ಣು ಎಣಿಸಲು ಆಳು ಕಳಿಸಿದರು ಎಂದರೆ, ಅವರಿಗೆ ಯಾವುದು ಮುಖ್ಯ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿತ್ತು. ರಾಜಧಾನಿ ಮೈಸೂರಿಗೆ ಹೋಯಿತು, ದಂಡು ಬೆಂಗಳೂರಿಗೆ ಹೋಯಿತು. ಶ್ರೀರಂಗಪಟ್ಟಣಕ್ಕೆ ಉಳಿದದ್ದು ರಂಗನಾಥ, ಚಳಿಜ್ವರ ಮತ್ತು ಕಬ್ಬು.

ಆ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿ ಕರುಣೆಯ ಸುಗ್ಗಿ. ವೆಸ್ಟ್ ಇಂಡೀಸ್‌ನ ಸಕ್ಕರೆಯಲ್ಲಿ ಗುಲಾಮರ ರಕ್ತವಿದೆ ಎಂದು ಅಲ್ಲಿನ ಸಂಭಾವಿತ ಹೆಂಗಸರು ಅದನ್ನು ಬಿಟ್ಟರು. ಚಹಾ ಬಿಟ್ಟರೇ ಎಂದು ಕೇಳಬೇಡಿ. ಇದು ಗುಲಾಮರು ಮಾಡಿದ್ದಲ್ಲ, ಈಸ್ಟ್ ಇಂಡಿಯಾದ ಸಕ್ಕರೆ ಎಂದು ಬರೆಸಿದ ಚೆಂದದ ಪಿಂಗಾಣಿ ಬಟ್ಟಲುಗಳು ಮೇಜಿನ ಮೇಲೆ ಬಂದವು. 1833ರಲ್ಲಿ ಗುಲಾಮಗಿರಿ ರದ್ದತಿಯ ಕಾನೂನಾಯಿತು. ಪರಿಹಾರವಾಗಿ 2 ಕೋಟಿ ಪೌಂಡ್ ಕೊಟ್ಟರು, ಗುಲಾಮರಿಗಲ್ಲ, ಮಾಲೀಕರಿಗೆ. ಕೈಬಿಟ್ಟುಹೋದ ಆಸ್ತಿಗೆ ಅಲ್ಲವೇ ಪರಿಹಾರ, ಆಸ್ತಿಗೇ ಪರಿಹಾರ ಕೊಡುವ ಪದ್ಧತಿ ಎಲ್ಲಿದೆ? ಮುಂದೆ ಭಾರತದ ಸಕ್ಕರೆಯ ಮೇಲಿನ ಹೆಚ್ಚಿನ ಸುಂಕವನ್ನು 1836ರಿಂದ ಇಳಿಸಿದರು. ಇಲ್ಲಿನ ರೈತ ಗುಲಾಮನಲ್ಲ, ಸ್ವತಂತ್ರ. ಅವನ ಕಾಲಿಗೆ ಸರಪಳಿ ಇರಲಿಲ್ಲ, ಸಾಲವಿತ್ತು. ಬಟ್ಟಲಿನ ಮೇಲೆ ಅಷ್ಟೆಲ್ಲ ಬರೆಯಲು ಜಾಗವಿರಲಿಲ್ಲ.

ಪಾಲಹಳ್ಳಿಗೆ ಬಂದದ್ದು ಗ್ರೋವ್ಸ್ ಕಂಪನಿ. ಈ ಮನೆತನದ ಕಥೆಯನ್ನು ಯಾವ ವ್ಯಂಗ್ಯಕಾರನೂ ಕಟ್ಟಲಾರ. ಅಪ್ಪ ಆಂಥೊನಿ ನಾರಿಸ್ ಗ್ರೋವ್ಸ್ ಎಕ್ಸೆಟರ್ ಪಟ್ಟಣದಲ್ಲಿ ಚೆನ್ನಾಗಿ ನಡೆಯುತ್ತಿದ್ದ ದಂತವೈದ್ಯ. 1825ರಲ್ಲಿ, ಕ್ರೈಸ್ತನಾದವನು ಈ ಲೋಕದಲ್ಲಿ ಆಸ್ತಿ ಕೂಡಿಡಬಾರದು ಎಂದು ಪುಸ್ತಕ ಬರೆದ. ಬರೆದು ಸುಮ್ಮನಾಗದೆ ವೃತ್ತಿ ಬಿಟ್ಟು ಮೊದಲು ಬಾಗ್ದಾದಿಗೆ, ಆಮೇಲೆ ದಕ್ಷಿಣ ಭಾರತಕ್ಕೆ ಸುವಾರ್ತೆ ಸಾರಲು ಬಂದ. ಅದು ಮೆಚ್ಚಬೇಕಾದ್ದೇ, ಬರೆದಂತೆ ಬದುಕುವವರು ಯಾವ ಮತದಲ್ಲೂ ಕಡಿಮೆ. ಆದರೆ ಆತನ ಗಂಡುಮಕ್ಕಳು ಪಾಲಹಳ್ಳಿಗೆ ಬಂದು ಸಕ್ಕರೆ ಕಾರ್ಖಾನೆ ಹಾಕಿದರು. ಹಲ್ಲಿನ ವೈದ್ಯನ ಮಕ್ಕಳು ಸಕ್ಕರೆ ಮಾಡಿದರು ಎಂದರೆ, ಅಪ್ಪ ಬಿಟ್ಟ ವೃತ್ತಿಗೆ ಗಿರಾಕಿ ಒದಗಿಸುವ ಕೆಲಸವನ್ನು ಮಕ್ಕಳು ಹಿಡಿದರು ಎಂದಾಯಿತು.

ಮುಹೂರ್ತ ಇಟ್ಟವರು ಯಾರೋ ತಿಳಿಯದು. 1846ರಲ್ಲಿ ಇಂಗ್ಲೆಂಡಿನ ಕರುಣೆಯ ವಾಯಿದೆ ಮುಗಿಯಿತು. ಕ್ಯೂಬಾ, ಬ್ರೆಜಿಲ್‌ನ ಗುಲಾಮರೇ ಬೆಳೆದ ಸಕ್ಕರೆಯ ಸುಂಕವನ್ನೂ ಹಂತಹಂತವಾಗಿ ಸಮ ಮಾಡುತ್ತೇವೆ ಎಂದು ಪಾರ್ಲಿಮೆಂಟು ಕಾನೂನು ಮಾಡಿತು. ಬೆಲೆ ಕುಸಿದು 1847ರಲ್ಲಿ ಸಕ್ಕರೆ ವ್ಯಾಪಾರಿಗಳು ಸಾಲಾಗಿ ದಿವಾಳಿ ಎದ್ದರು. ಸರಿಯಾಗಿ ಅದೇ ವರ್ಷ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯ ಒಲೆ ಹೊತ್ತಿತು. ಆಗ ಮೈಸೂರನ್ನು ಆಳುತ್ತಿದ್ದದ್ದು ಕಮಿಷನರ್ ಮಾರ್ಕ್ ಕಬ್ಬನ್; ಮಹಾರಾಜರು ಅರಮನೆಯಲ್ಲಿ ದಸರಾ ಮಾಡುತ್ತಿದ್ದರು.

ಕಾರ್ಖಾನೆಯ ಕೆಲಸ ನೋಡಿ. ಅದು ಕಬ್ಬು ನುರಿಸುವ ಗೊಡವೆಗೇ ಹೋಗಲಿಲ್ಲ. ಗದ್ದೆ ರೈತನದು, ಚಿಕ್ಕದೇವರಾಜ ಒಡೆಯರ ಕಾಲದಿಂದ ಹರಿಯುವ ನಾಲೆಯ ನೀರು, ಬೀಜದ ತುಂಡು ರೈತನದು, ಎತ್ತು, ಗಾಣ, ಆಲೆಮನೆ ಎಲ್ಲ ರೈತನವೇ. ಕೊಪ್ಪರಿಗೆಯ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಪಾಕ ಇಳಿಸುವವನೂ ಅವನೇ. ಬೆಲ್ಲವಾದ ಮೇಲೆ ಕಂಪನಿ ಅದನ್ನು ಕೊಂಡು, ಕರಗಿಸಿ, ಸೋಸಿ, ಬೆಳ್ಳಗೆ ಮಾಡಿ ಹರಳು ತೆಗೆಯಿತು. ಹದಿನಾಲ್ಕಾಣೆ ಕೆಲಸ ಅವನದು, ಬಣ್ಣ ಬದಲಿಸುವುದಷ್ಟೇ ಇವರದು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆ ಹರಳು ಸಕ್ಕರೆಗೆ ಪದಕ ಬಂತು. ಆಲೆಮನೆಯವನಿಗೆ ಒಂದು ಪೋಸ್ಟ್ ಕಾರ್ಡೂ ಬರಲಿಲ್ಲ. ಬರೆಯೋಣವೆಂದರೆ ಆಗ ಪೋಸ್ಟ್ ಕಾರ್ಡೇ ಇರಲಿಲ್ಲ ಎಂಬ ಸಮಾಧಾನವುಂಟು.

ಕೊಡಗಿನವರು ಇದನ್ನು ಕೇಳಿ ನಗಬೇಕಾಗಿಲ್ಲ. 1834ರಲ್ಲಿ ನಮ್ಮ ರಾಜನನ್ನು ಇಳಿಸಿ, ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಮಡಿಕೇರಿಯ ಬಳಿ ಬಿಳಿಯರ ಕಾಫಿ ತೋಟ ಎದ್ದಿತು. ಅತ್ತ ಸಕ್ಕರೆ, ಇತ್ತ ಕಾಫಿ, ನಡುವೆ ನೀರು. ಲೋಟ ಮಾತ್ರ ಅವರ ಕೈಯಲ್ಲಿ.

ಪಾಲಹಳ್ಳಿಯ ಕಂಪನಿ ಹೋಯಿತು, ಕಬ್ಬು ಉಳಿಯಿತು. ಈಗ ಮಂಡ್ಯಕ್ಕೆ ಬರೋಣ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಕಬ್ಬಿಗಿಂತ ಮುಂದೆ ನಿಂತದ್ದು ಚಿನ್ನ. ಶಿವನಸಮುದ್ರದಲ್ಲಿ ವಿದ್ಯುತ್ ಮಾಡಿ ಕೋಲಾರದ ಗಣಿಗೆ ಕೊಡುತ್ತಿದ್ದರು; ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿ ಕಂಪನಿಗೆ ಕತ್ತಲು. ಹಳೆಯ ಕನ್ನಂಬಾಡಿ ಗುಡಿ ಸಮೇತ ಮುಳುಗಿತು, ಕಟ್ಟೆಗೆ ದೊರೆಯ ಹೆಸರು ಬಂತು, ನಾಲೆಗೆ ವೈಸ್‌ರಾಯ್ ಇರ್ವಿನ್ ಹೆಸರು ಬಂತು. ನಾಲೆಯ ಖರ್ಚು ಮಾತ್ರ ರೈತನ ಹೆಸರಿಗೆ ಬಂತು. ಅದನ್ನು ಹೊರಲಾರೆವೆಂದು 1930ರ ದಶಕದ ಆರಂಭದಲ್ಲಿ ಮಂಡ್ಯದ ರೈತರು ಎದ್ದರು. ಅದೇ ಇರ್ವಿನ್ ನಾಲೆ ಚಳವಳಿ. ಸ್ವಾತಂತ್ರ್ಯದ ನಂತರ ನಾಲೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತಿತು. ಕೊನೆಯ ತೂಬಿಗೆ ನೀರು ಬರುವುದಿಲ್ಲ ಎಂಬ ದೂರು ಹೆಸರು ಬದಲಾದರೂ ಬದಲಾಗಲಿಲ್ಲ.

ಕಾರ್ಖಾನೆಗೂ ಬಿಳಿಯರ ಕಾನೂನಿನ ನೆರಳೇ. ಜಾವಾ ಸಕ್ಕರೆ ಪೇಟೆ ತುಂಬಿದ್ದಾಗ, 1932ರಲ್ಲಿ ಭಾರತ ಸರ್ಕಾರ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆ ತಂದು ಆಮದಿನ ಮೇಲೆ ಸುಂಕ ಏರಿಸಿತು. ದೇಶದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ನೂರು ದಾಟಿದವು. ಮಂಡ್ಯದ್ದು ಅವುಗಳಲ್ಲಿ ಒಂದು. ರೈಲು ನಿಲ್ಲುವ ಸಣ್ಣ ಊರಾಗಿದ್ದ ಮಂಡ್ಯ 1939ರಲ್ಲಿ ಜಿಲ್ಲೆಯೇ ಆಯಿತು.

ಮಂಡ್ಯದ ಕಾರ್ಖಾನೆಯ ಹಿಂದೆ ನಿಂತವರು ಲೆಸ್ಲಿ ಕೋಲ್ಮನ್, ಕೆನಡಾದವರು, ಮೈಸೂರಿನ ಕೃಷಿ ನಿರ್ದೇಶಕರು. ಈ ಒಬ್ಬರ ವಿಷಯದಲ್ಲಿ ನನ್ನ ನಾಲಿಗೆ ತುಸು ಮೆತ್ತಗಾಗುತ್ತದೆ. 1908ರಲ್ಲಿ ಬಂದವರೇ ಮೊದಲು ಹಿಡಿದದ್ದು ಅಡಿಕೆಯ ಕೊಳೆರೋಗದ ಬೆನ್ನು. ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣವನ್ನು ಮರ ಹತ್ತಿ ಗೊನೆಗೆ ಬಿಡಬೇಕು ಎಂದು ಅವರು ತೋರಿಸಿದ್ದನ್ನು ಬಿಟ್ಟರೆ, ನೂರು ವರ್ಷ ಕಳೆದರೂ ನಮಗೆ ಬೇರೆ ಗತಿ ಸಿಕ್ಕಿಲ್ಲ. ಕರಿಕೆಯಂಥ ಮಳೆಯ ಊರಿನಲ್ಲಿ ಆಷಾಢದಲ್ಲಿ ಎರಡು ದಿನ ಬಿಸಿಲು ಸಿಕ್ಕರೆ ಮದ್ದು ಬಿಡುವವರ ಮನೆ ಮುಂದೆ ಮದುವೆ ದಿಬ್ಬಣದಷ್ಟು ಜನ. ಇಲಾಖೆಗಳು ಬೆಳೆದವು, ವಿಶ್ವವಿದ್ಯಾಲಯಗಳು ಹುಟ್ಟಿದವು, ವಿಚಾರ ಸಂಕಿರಣಗಳಿಗೆ ಊಟ ಹಾಕಲಾಯಿತು. ಹಳದಿ ಎಲೆ ರೋಗಕ್ಕೆ ಒಬ್ಬ ಕೋಲ್ಮನ್ ಇನ್ನೂ ಹುಟ್ಟಬೇಕು.

ಕೋಲ್ಮನ್ ಕಟ್ಟಿಸಿದ ಕಾರ್ಖಾನೆ ಏನಾಯಿತು? ಅದು ನಮ್ಮದಾಯಿತು. ಸರ್ಕಾರದ್ದು ದೊಡ್ಡ ಷೇರು, ರೈತರದ್ದು ಚಿಕ್ಕ ಷೇರು. ನಮ್ಮದಾದ ಮೇಲೆ ನಷ್ಟವಾಗದೆ ಇರುತ್ತದೆಯೇ? ಯಂತ್ರ ಕೆಟ್ಟವು, ಸಾಲ ಬೆಳೆಯಿತು, ಮೈಷುಗರ್ ಎಂದು ಕರೆಸಿಕೊಳ್ಳುವ ಆ ಮೈಸೂರು ಸಕ್ಕರೆ ಕಂಪನಿ ರೋಗಗ್ರಸ್ತ ಉದ್ದಿಮೆಗಳ ಪಟ್ಟಿ ಸೇರಿತು. ಪ್ರತಿ ಸರ್ಕಾರವೂ ಒಂದೊಂದು ಕಂತು ಪುನಶ್ಚೇತನ ಮಾಡಿತು. ಪುನಶ್ಚೇತನ ಎಂದರೆ ಹಣ ಬಿಡುಗಡೆಯಾಗುವುದು, ಬಾಯ್ಲರು ಹೊತ್ತುವುದು, ಫೋಟೋ ತೆಗೆಯುವುದು, ಬಾಯ್ಲರು ಆರುವುದು. ಗದ್ದೆಯ ಕಬ್ಬಿಗೆ ಸೂಲಂಗಿ ಬಂದರೂ ಕಟಾವಿನ ಅಪ್ಪಣೆ ಬರಲಿಲ್ಲ. ಗಾಣ ವರ್ಷಗಟ್ಟಲೆ ನಿಂತು, ಗುತ್ತಿಗೆಗೆ ಕೊಡಬೇಕೆ ಬೇಡವೇ ಎಂಬ ಧರಣಿಗಳೆಲ್ಲ ಮುಗಿದು, 2022ರಲ್ಲಿ ಮತ್ತೆ ಕಬ್ಬು ನುರಿಸಿತು. ಪಕ್ಕದ ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲೇ 40 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗಿತ್ತು. ಕಟ್ಟಿದ್ದು ರೈತರ ಸಹಕಾರ, ನಡೆಸುವುದು ಖಾಸಗಿ. ಪಾಲಹಳ್ಳಿಯ ಗ್ರೋವ್ಸ್ ಬದುಕಿದ್ದರೆ ಟೆಂಡರ್ ಹಾಕುತ್ತಿದ್ದರು.

ಈ ಚರಿತ್ರೆಯ ಅತಿ ರುಚಿಯಾದ ಭಾಗ ಇನ್ನು ಬರುತ್ತದೆ. ಬೆಲ್ಲವನ್ನು ಬಿಳಿ ಮಾಡಿ ಪದಕ ಗೆದ್ದ ಕಾಲ ಹೋಗಿ, ಈಗ ಕಂದು ಬಣ್ಣಕ್ಕೇ ಬೆಲೆ. ಬೆಂಗಳೂರಿನ ಅಂಗಡಿಯಲ್ಲಿ ಸಾವಯವ ಬೆಲ್ಲಕ್ಕೆ ಸಕ್ಕರೆಗಿಂತ ಹೆಚ್ಚು ದುಡ್ಡು. ಒಂದು ಜಿಲ್ಲೆ ಒಂದು ಉತ್ಪನ್ನ ಎಂಬ ಯೋಜನೆಯಲ್ಲಿ ಮಂಡ್ಯಕ್ಕೆ ಬಂದದ್ದೂ ಬೆಲ್ಲವೇ. ಕೊಡಗಿನ ಹಳ್ಳಿ ಮನೆಗಳಲ್ಲಿ ಮೊದಲಿಂದಲೂ ಕುಡಿಯುತ್ತಿದ್ದ ಬೆಲ್ಲದ ಕಾಫಿಯನ್ನು ಹೋಂಸ್ಟೇಗಳು ಈಗ ಅನುಭವ ಎಂದು ಮಾರುತ್ತವೆ. ಬೇಡಿಕೆ ಏರಿದ ಕೂಡಲೇ ಮಂಡ್ಯದ ಕೆಲವು ಆಲೆಮನೆಗಳು ಏನು ಮಾಡಿದವು ಗೊತ್ತೇ? ಹಳೇ ಸಕ್ಕರೆ ತಂದು ಕೊಪ್ಪರಿಗೆಗೆ ಸುರಿದವು. ಗ್ರೋವ್ಸ್ ಬೆಲ್ಲ ಕರಗಿಸಿ ಸಕ್ಕರೆ ಮಾಡಿದರು. ನಾವು ಸಕ್ಕರೆ ಕರಗಿಸಿ ಬೆಲ್ಲ ಮಾಡುತ್ತೇವೆ. ಅದು ತೀರಾ ಕಪ್ಪಾದರೆ ಗಿರಾಕಿಗೆ ಹಿಡಿಸದು ಎಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಮತ್ತೆ ಒಂಚೂರು ಬೆಳ್ಳಗೆ ಮಾಡುತ್ತೇವೆ. ಅಧಿಕಾರಿಗಳು ಆಗಾಗ ದಾಳಿ ಮಾಡಿ ಮೂಟೆ ಹಿಡಿಯುತ್ತಾರೆ. ಆಲೆಮನೆಯವನನ್ನು ಹಿಡಿದು ಬಯ್ಯುವ ಮೊದಲು, ನಿಜವಾದ ಬೆಲ್ಲ ಮಾಡಿ ಅವನಿಗೆ ಗಿಟ್ಟುತ್ತದೆಯೇ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲು ನಮೂನೆ ಇಲ್ಲ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಸಕ್ಕರೆ ನಾಡು, ಸಕ್ಕರೆಯ ಭಾಷೆ, ಅಕ್ಕರೆಯ ಜನ ಎಂದು ಪ್ರಾಸಕ್ಕೆ ಬರವಿರಲಿಲ್ಲ. ನಾಡು ಗಂಭೀರವಾಗಿ ಚರ್ಚಿಸಿದ್ದು ಊಟಕ್ಕೆ ಮೊಟ್ಟೆ ಬಡಿಸಬೇಕೇ ಬೇಡವೇ ಎಂಬುದನ್ನು. ಆಮೇಲೆ ಕನ್ನಂಬಾಡಿಯಲ್ಲಿ ಗಂಗಾ ಆರತಿಯ ಮಾದರಿಯ ಕಾವೇರಿ ಆರತಿಯ ಸಂಭ್ರಮ ಬಂತು. ನಾಲೆಯ ಹೂಳು ತೆಗೆಸಿ, ಆರತಿ ಆಮೇಲೆ ಎತ್ತಿ ಎಂದು ರೈತರು ತಕರಾರು ಮಾಡಿದರು. ರೈತರಿಗೆ ಭಕ್ತಿ ಕಡಿಮೆ ಎಂಬುದು ಬುಕಾನನ್ ಕಾಲದಿಂದಲೂ ಅಧಿಕಾರದಲ್ಲಿರುವವರ ಅನುಮಾನ.

ದೇವರ ಸೇವೆಗೆ ನನ್ನ ಅಡ್ಡಿಯಿಲ್ಲ. ಆದರೆ ಆರತಿಯ ತಟ್ಟೆ ಹಿಡಿದವರು ಇನ್ನೊಂದು ಕಾಗದವನ್ನೂ ಓದಲಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದೊಳಗೆ ಕಾರ್ಖಾನೆ ರೈತನಿಗೆ ಹಣ ಕೊಡಬೇಕು; ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಿ ಕೊಡಬೇಕು. ಆ ಬಡ್ಡಿಯನ್ನು ಕೇಳದೆಯೇ ಕೈಗೆ ಪಡೆದ ರೈತ ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕರಿಕೆಗೆ ಬನ್ನಿ, ಬೆಲ್ಲದ ಕಾಫಿ ಕೊಟ್ಟು ಸನ್ಮಾನ ಮಾಡುತ್ತೇವೆ. ಮಳೆಗಾಲದಲ್ಲಿ ಮಾತ್ರ ಬೇಡ, ಭಾಗಮಂಡಲದ ದಾರಿಯಲ್ಲಿ ಬರೆ ಜರಿಯುತ್ತದೆ.