ಗುಂಡಣ್ಣ ನಿಂತ, ನಾನು ಹೋದೆ

ಮದುವೆ ಮನೆಯಲ್ಲಿ ನನ್ನ ಗೌರವದ ಆಯುಸ್ಸು ಎರಡೇ ಮಾತು. “ಕುದುರೆನಾ! ರೇಸಾ?” ಎಂದು ಪಕ್ಕದೆಲೆಯವರು ಕಣ್ಣರಳಿಸುತ್ತಾರೆ. “ರೇಸಲ್ಲ, ಹಾರಿಸೋದು. ಶೋ ಜಂಪಿಂಗ್. ಜೊತೆಗೆ ಮಕ್ಕಳಿಗೆ ಸವಾರಿ ಕಲಿಸ್ತೀನಿ” ಅನ್ನುತ್ತೇನೆ. ಅವರು ಕೋಸಂಬರಿ ಕಡೆ ತಿರುಗುತ್ತಾರೆ.

ದೇವನಹಳ್ಳಿ ಕಡೆ ನನ್ನದೊಂದು ಸಣ್ಣ ಲಾಯ. ಇರುವ ಕುದುರೆಗಳೆಲ್ಲ ರೇಸ್‌ಕೋರ್ಸಿನಿಂದ ನಿವೃತ್ತಿಯಾಗಿ ಬಂದವು. ಅವುಗಳಲ್ಲಿ ಗುಂಡಣ್ಣ ನಮ್ಮ ಅನ್ನದಾತ. ರೇಸಿನ ದಿನಗಳಲ್ಲಿ ಅವನಿಗೂ ಬಾಯಿ ತುಂಬುವ ಇಂಗ್ಲಿಷ್ ಹೆಸರಿತ್ತು. ಈಗ ಹುರುಳಿಯ ಬಕೆಟ್ಟಿನ ಸದ್ದಾದರೆ ಸಾಕು, ಗುಂಡಣ್ಣ ಅಂದರೂ ಬರುತ್ತಾನೆ, ಅನ್ನದಿದ್ದರೂ ಬರುತ್ತಾನೆ. ವಾರವಿಡೀ ಮಕ್ಕಳನ್ನು ಹೊತ್ತು ನನ್ನನ್ನು ಸಾಕುವವನೂ ಅವನೇ, ಸ್ಪರ್ಧೆಯ ದಿನ ನನ್ನನ್ನು ಹೊತ್ತು ಹಾರಬೇಕಾದವನೂ ಅವನೇ.

ನಮ್ಮ ಕಸುಬಿಗೆ ಕುಲದೇವರು ಅಂತಿದ್ದರೆ ನಕುಲ. ಗ್ರಂಥಿಕ ಅಂತ ಹೆಸರು ಬದಲಿಸಿಕೊಂಡು ವಿರಾಟನ ಲಾಯ ನೋಡಿಕೊಂಡ, ಆಮೇಲೆ ಕುರುಕ್ಷೇತ್ರಕ್ಕೂ ಹೋದ. ಆದರೆ ಆ ಲಾಯಕ್ಕೆ ಹುಲ್ಲು ತರಿಸುತ್ತಿದ್ದವನು ವಿರಾಟ, ಸಂಬಳ ಕೊಡುತ್ತಿದ್ದವನೂ ವಿರಾಟ. ಲಾಯ ಸ್ವಂತದ್ದಾಗಿದ್ದರೆ ಕುರುಕ್ಷೇತ್ರಕ್ಕೆ ರಜೆ ಸಿಗುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಒಂದು ಕುದುರೆ ದಿನಕ್ಕೆ 25ರಿಂದ 40 ಲೀಟರ್ ನೀರು ಕುಡಿಯುತ್ತದೆ. ಅದು ತಿನ್ನುವ ಹುಲ್ಲು, ಬೂಸಾ, ಕುದುರೆ ಮಸಾಲೆ ಸೊಪ್ಪಿನ ಲೆಕ್ಕ ಬೇರೆ. ಆರೇಳು ವಾರಕ್ಕೊಮ್ಮೆ ಲಾಳ ಬದಲಾಗಬೇಕು. ನನ್ನ ಚಪ್ಪಲಿಗೆ ಆ ಭಾಗ್ಯವಿಲ್ಲ. ಆದಾಯದಲ್ಲಿ ನಂಬಿಕಸ್ಥವಾದದ್ದು ಲದ್ದಿ ಗೊಬ್ಬರ ಒಂದೇ. ತಾರಸಿಯಲ್ಲಿ ಟೊಮೆಟೊ ಬೆಳೆಯುವವರು ಚೌಕಾಸಿ ಮಾಡದೆ ಒಯ್ಯುತ್ತಾರೆ.

ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದರು, ಮುಂದೆ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯವರಾದರು. ಆಗೆಲ್ಲ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. “ಎಷ್ಟು ಕ್ಲಾಸ್ ಆದ್ಮೇಲೆ ಒಲಿಂಪಿಕ್ಸ್ ಸಾರ್?” ಅಂತ ಒಬ್ಬ ತಂದೆ ಕೇಳಿದರು. ಮಿರ್ಜಾ ಅವರ ತಂದೆ ಕುದುರೆಗಳ ಡಾಕ್ಟರು. ನಮ್ಮಪ್ಪ ಸಹಕಾರಿ ಬ್ಯಾಂಕಿನ ಗುಮಾಸ್ತರು. ಅಲ್ಲಿಂದ ನನಗೆ ಬಂದ ಬಳುವಳಿ ಸಾಲದ ಅರ್ಜಿ ತುಂಬುವ ಕಲೆ.

ಈ ಸಲದ ಸ್ಪರ್ಧೆಯ ಹಿಂದಿನ ರಾತ್ರಿ ಬೇಗ ಮಲಗಬೇಕೆಂದಿದ್ದೆ. ಹತ್ತು ಗಂಟೆಗೆ ಕುದುರೆ ನೋಡಿಕೊಳ್ಳುವ ಸೈಸ್ ಬಂದು, “ಸಾರ್, ಅಮೆರಿಕದೋರ ಕುದ್ರೆ ಹೊಟ್ಟೆ ತಿರುಗಿ ತಿರುಗಿ ನೋಡ್ಕತಾದೆ” ಅಂದ. ಅದು ಅಮೆರಿಕದಲ್ಲಿರುವ ಒಡೆಯರು ಬಾಡಿಗೆ ಕೊಟ್ಟು ನಮ್ಮಲ್ಲಿ ಬಿಟ್ಟಿರುವ ಕುದುರೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಅದರ ಹೊಟ್ಟೆನೋವು ಹುಡುಗಾಟದ ಮಾತಲ್ಲ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, “ನಡೆಸ್ತಾ ಇರಿ, ಲದ್ದಿ ಹಾಕಿದ್ರೆ ಬಚಾವ್” ಎಂದು ಹೋದರು. ನಡೆಸಿದೆ. ಬೆಳದಿಂಗಳಲ್ಲಿ ನಾನು ಮುಂದೆ, ಅದು ಹಿಂದೆ, ಟಾರ್ಚ್ ಹಿಡಿದ ಸೈಸ್ ಅದರ ಬಾಲದ ಹಿಂದೆ. ಎರಡು ಗಂಟೆ ಸುಮಾರಿಗೆ ಆ ಶುಭ ಗಳಿಗೆ ಬಂತು. ಹಸಿರು ಉಂಡೆಗಳು ಹಬೆಯಾಡುತ್ತ ನೆಲಕ್ಕೆ ಬಿದ್ದಾಗ ನಾವಿಬ್ಬರೂ ಕೈ ಕುಲುಕಿಕೊಂಡೆವು. ಒಡೆಯರಿಗೆ ಸುದ್ದಿ ಮುಟ್ಟಿಸಿದರೆ ಬಾಯಿಮಾತು ಸಾಲಲಿಲ್ಲ, ವೀಡಿಯೋ ಕಾಲ್‌ನಲ್ಲಿ ನೋಡಬೇಕಂತೆ. ಲದ್ದಿಯನ್ನು ನಾಲ್ಕೂ ಕೋನದಿಂದ ತೋರಿಸಿದೆ. ಅಲ್ಲಿ ಅವರು ಮಧ್ಯಾಹ್ನದ ಊಟಕ್ಕೆ ಕೂತಿದ್ದರು.

ಬೆಳಿಗ್ಗೆ ಕೆಂಗಣ್ಣು ಹೊತ್ತು, ಬಿಳಿ ಪ್ಯಾಂಟು ಏರಿಸಿ ಮೈದಾನಕ್ಕೆ ಹೋದೆ. 80 ಸೆಂಟಿಮೀಟರ್ ವರ್ಗ, ಹಾರಬೇಕಾದ ತಡೆ ಊಟದ ಮೇಜಿಗಿಂತ ಎರಡು ಬೆರಳು ಎತ್ತರ, ಅಷ್ಟೆ. ಸವಾರಿಗೆ ಮೊದಲು ಕೋರ್ಸನ್ನು ಕಾಲ್ನಡಿಗೆಯಲ್ಲಿ ಅಳೆಯಬೇಕು. ನಮ್ಮ ನಾಲ್ಕು ಹೆಜ್ಜೆ ಕುದುರೆಯ ಒಂದು ದಾಪು. ಇಳಿಯುವುದಕ್ಕೆ ಎರಡು ಹೆಜ್ಜೆ, ಮತ್ತೆ ನೆಗೆಯುವುದಕ್ಕೆ ಎರಡು ಹೆಜ್ಜೆ ಕಳೆಯಬೇಕು. ನಾಲ್ಕನೇ ತಡೆಯಿಂದ ಐದನೆಯದಕ್ಕೆ ಹೆಜ್ಜೆ ಎಣಿಸುತ್ತಿದ್ದೆ. ಹದಿನೆಂಟು, ಹತ್ತೊಂಬತ್ತು ಅನ್ನುವಾಗ ಹುಲ್ಲಿನವನ ಫೋನ್.

“ಎಷ್ಟು ಕಟ್ಟು ಇಳಿಸ್ಲಿ ಸಾರ್?”

“ಇಪ್ಪತ್ನಾಲ್ಕು.”

ಆ ಇಪ್ಪತ್ನಾಲ್ಕು ತಲೆಯಲ್ಲಿ ಕೂತುಬಿಟ್ಟಿತು. ಇಪ್ಪತ್ನಾಲ್ಕರಲ್ಲಿ ನಾಲ್ಕು ಕಳೆದರೆ ಇಪ್ಪತ್ತು, ಅಂದರೆ ಐದು ದಾಪು. ತಡೆಗಳ ನಡುವೆ ಇದ್ದದ್ದು ನಾಲ್ಕು.

ಗಂಟೆ ಬಾರಿಸಿದ ಮೇಲೆ ಹೊರಡಲು 45 ಸೆಕೆಂಡ್ ಕೊಡುತ್ತಾರೆ. ಅದರಲ್ಲಿ ಒಂದಷ್ಟು ಹೊತ್ತು ಬೇಲಿಯಾಚೆ ನಿಂತಿದ್ದ ವಿದ್ಯಾರ್ಥಿಗಳ ತಾಯಂದಿರಿಗೆ ನಮಸ್ಕಾರ ಮಾಡಲು ಹೋಯಿತು. ವ್ಯಾಪಾರ, ಬಿಡಲಾದೀತೇ? ಮೊದಲ ಮೂರು ತಡೆ ಗುಂಡಣ್ಣ ಹೂವಿನಂತೆ ದಾಟಿದ. ನಾಲ್ಕನೆಯದೂ ಆಯಿತು. ಒಂದು, ಎರಡು, ಮೂರು, ನಾಲ್ಕು. ಅವನು ಹಾರಲು ಮೈ ಕೂಡಿಸಿಕೊಂಡ. ನಾನು ಐದನೆಯ ದಾಪಿಗೆ ಕಾದು ಕೂತೆ, ಆಮೇಲೆ ಗಾಬರಿಯಾಗಿ ಮುಂದಕ್ಕೆ ವಾಲಿದೆ.

ಇಲ್ಲಿ ನಮ್ಮ ಗೇಟಿನ ಫ್ಲೆಕ್ಸ್ ಬೋರ್ಡಿನ ವಿಷಯ ಹೇಳಲೇಬೇಕು. ‘ಸವಾರ ವಾಲಿದರೆ ತಾನಾಗಿ ನಿಲ್ಲುವ ಕುದುರೆ. ಮಕ್ಕಳಿಗೆ ಸಂಪೂರ್ಣ ಸುರಕ್ಷಿತ’ ಅಂತ ದಪ್ಪಕ್ಷರದಲ್ಲಿ ಬರೆಸಿದ್ದೇನೆ. ಕ್ಯಾರೆಟ್ ಕೊಟ್ಟು ಕೊಟ್ಟು ಆ ವಿದ್ಯೆ ಕಲಿಸಿದವನೂ ನಾನೇ. ಗುಂಡಣ್ಣ ಕಲಿತದ್ದನ್ನು ಮರೆಯುವ ಪೈಕಿಯಲ್ಲ. ನಾಲ್ಕೂ ಕಾಲೂರಿ ಗಕ್ಕನೆ ನಿಂತ. ನಾನು ಅವನ ಕಿವಿಗಳ ನಡುವಿನಿಂದ ಹಾದು ತಡೆಯ ಆಚೆ ಕಡೆ ತಲುಪಿದೆ. ಒಂದು ದಂಡವೂ ಅಲುಗಲಿಲ್ಲ. ದಂಡ ಬಿದ್ದರೆ 4 ಪೆನಾಲ್ಟಿ ಅಂಕ ಹಾಕುತ್ತಾರೆ, ಕುದುರೆ ಮೊದಲ ಸಲ ನಿರಾಕರಿಸಿದರೂ 4. ಸವಾರನೇ ಬಿದ್ದರೆ ಅಂಕದ ರಗಳೆಯೇ ಇಲ್ಲ, ಸೀದಾ ಹೊರಗೆ.

ಗುಂಡಣ್ಣ ಕ್ಯಾರೆಟ್‌ಗಾಗಿ ಕತ್ತು ಚಾಚಿದ.

ಬಾಯಿಂದ ಮರಳು ಉಗುಳುತ್ತ ಹೊರಬಂದರೆ ತಾಯಂದಿರಲ್ಲಿ ಒಬ್ಬರು ಓಡಿ ಬಂದರು. “ಪೆಟ್ಟಾಯ್ತಾ ಸಾರ್?” ಅಂದರು. ಉತ್ತರಕ್ಕೆ ಕಾಯಲಿಲ್ಲ. “ಎಷ್ಟು ಸಾಧು ಸಾರ್ ಈ ಕುದುರೆ! ನೀವು ಹಂಗೆ ಬಿದ್ರೂ ಅಲ್ಲಾಡ್ಲಿಲ್ಲ. ಎರಡನೆಯವಳನ್ನೂ ಸೇರಿಸ್ತೀನಿ, ಇದನ್ನೇ ಕೊಡ್ಬೇಕು.” ಮೂರು ತಿಂಗಳ ಫೀಸು ಅಲ್ಲೇ ಫೋನಿಗೆ ಬಂತು. ಪಕ್ಕದಲ್ಲಿದ್ದ ಇನ್ನೊಬ್ಬರೂ ಮಗನ ಹೆಸರು ಬರೆಸಿದರು. ಗೆದ್ದವರ ಬಹುಮಾನದ ಮೊತ್ತ ಆಮೇಲೆ ವಿಚಾರಿಸಿದೆ. ನಾನು ಬಿದ್ದು ಗಳಿಸಿದ್ದೇ ಹೆಚ್ಚು.

“ಯಾವತ್ತು ಕಳಿಸ್ತೀರ ಮೇಡಂ?”

“ಭಾನುವಾರ ಬೆಳಿಗ್ಗೆನೇ ಆಗೋದು. ಪ್ರತಿ ಭಾನುವಾರ.”

ಸ್ಪರ್ಧೆಗಳು ಇರುವುದೂ ಭಾನುವಾರವೇ. ಕೈಲಿದ್ದ ಫೋನು ನೋಡಿದೆ, ಗುಂಡಣ್ಣನ ಮುಖ ನೋಡಿದೆ. “ಆಗ್ಲಿ ಮೇಡಂ” ಅಂದೆ.

ಸೈಸ್ ಲಗಾಮು ಹಿಡಿದು ಬಂದ. “ಒಳ್ಳೇದಾಯ್ತು ಬಿಡಿ ಸಾರ್, ಮುಂದಿನ ಸಲದ ಎಂಟ್ರಿ ಫೀಸು ಉಳೀತು. ಹುಲ್ಲಿನೋನು ಫೋನ್ ಮಾಡಿದ್ದ, ಇಪ್ಪತ್ತೇ ಕಟ್ಟು ಇರೋದಂತೆ.”