ನಮ್ಮ ಟರ್ಬೊ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋಗಿ, ಬೇಸ್‌ಮೆಂಟಿನಲ್ಲಿ ಒಬ್ಬರು ಟರ್ಬೊ ರಾಯರು ಸಿಕ್ಕೇ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಕಾರು ಪಿಲ್ಲರಿನ ಪಕ್ಕ ನಿಂತಿರುತ್ತದೆ. ಮಕ್ಕಳು ಆಗಲೇ ಮೇಲೆ ಹೋಗಿ ಟೀವಿ ಹಾಕಿರುತ್ತಾರೆ, ಹೆಂಡತಿ ತರಕಾರಿ ಚೀಲ ಹಿಡಿದು ಲಿಫ್ಟಿನ ಮುಂದೆ ಕಾಯುತ್ತಿರುತ್ತಾರೆ. ರಾಯರು ಮಾತ್ರ ಎಂಜಿನ್ ಆರಿಸದೆ, ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿರುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಸೆಕ್ಯುರಿಟಿಯವನು ಗಂಡ ಹೆಂಡತಿ ಜಗಳ ಆಡಿಕೊಂಡಿದ್ದಾರೆಂದು ತಿಳಿದು ಆ ಕಡೆ ನೋಡದಂತೆ ಓಡಾಡುತ್ತಾನೆ. ಜಗಳವೇನೂ ಇಲ್ಲ. ಟರ್ಬೊ ಆರುತ್ತಿದೆ, ಅಷ್ಟೆ. ಕೆಂಪಗೆ ಕಾದ ಟರ್ಬೊದ ಬೇರಿಂಗಿಗೆ ಆಯಿಲ್ ಹರಿಯುವುದು ತಟ್ಟನೆ ನಿಂತರೆ, ಒಳಗೆ ಉಳಿದ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಮಾತು ನಿಜವೇ. ಆದರೆ ಅದು ಶಿರಾಡಿ ಘಾಟಿ ಹತ್ತಿ ಬಂದ ಗಾಡಿಯ ಮಾತು. ರಾಯರು ಬಂದದ್ದು ಮುಂದಿನ ಕ್ರಾಸಿನ ಹಾಪ್‌ಕಾಮ್ಸ್‌ನಿಂದ.

ಅವರದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್, ನಾಲ್ಕು ಸಿಲಿಂಡರು, 150 ಅಶ್ವಶಕ್ತಿ, ಕಂಪನಿಯೇ ಕೂರಿಸಿ ಕಳಿಸಿದ ಒಂದು ಟರ್ಬೊ. ಅದನ್ನು ತೆಗೆದು ಒಂದೇ ಒಂದು ದೊಡ್ಡ ಟರ್ಬೊ ಹಾಕಿಸುವುದೋ, ಚಿಕ್ಕದೊಂದು ದೊಡ್ಡದೊಂದು ಜೋಡಿಸಿ ಸೀಕ್ವೆನ್ಶಿಯಲ್ ಮಾಡಿಸುವುದೋ ಎಂದು ರಾಯರು ಯೋಚಿಸುತ್ತಿದ್ದಾರೆ. ಈ ಯೋಚನೆ ಶುರುವಾದಾಗ ತೊಟ್ಟಿಲಲ್ಲಿದ್ದ ಮಗ ಈಗ ಹೈಸ್ಕೂಲು.

ಟರ್ಬೊ ಅಂದರೇನು ಎಂದು ಗೊತ್ತಿಲ್ಲದವರು ಸಿಕ್ಕರೆ ರಾಯರಿಗೆ ಹಬ್ಬ. ಒಂದು ಮದುವೆ ಮನೆಯಲ್ಲಿ ಅವರ ಪಕ್ಕದ ಎಲೆ ನನ್ನ ಪಾಲಿಗೆ ಬಂತು. 'ನೋಡಿ ಸ್ವಾಮಿ,' ಎಂದು ಎಲೆಗೆ ನೀರು ಚಿಮುಕಿಸುತ್ತಲೇ ಶುರುಮಾಡಿದರು. 'ಸೈಲೆನ್ಸರಿಂದ ಸುಮ್ಮನೆ ಹೋಗೋ ಹೊಗೆ ಇದೆಯಲ್ಲ, ಅದು ಒಂದು ಚಕ್ರ ತಿರುಗಿಸತ್ತೆ. ಅದೇ ಕಡ್ಡಿಗೆ ಇನ್ನೊಂದು ಚಕ್ರ. ಅದು ಹೊರಗಿನ ಗಾಳೀನ ಎಂಜಿನ್ನಿಗೆ ತುರುಕತ್ತೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಮೇಲೆ! 1905ರಲ್ಲೇ ಬ್ಯೂಕಿ ಅನ್ನೋ ಸ್ವಿಟ್ಜರ್ಲೆಂಡಿನೋನು ಪೇಟೆಂಟ್ ಮಾಡಿಸಿದ್ದ.' ಅಷ್ಟರಲ್ಲಿ ಉಪ್ಪು, ಉಪ್ಪಿನಕಾಯಿ ಬಡಿಸುವ ಹುಡುಗ ಬಗ್ಗಿ ಬಗ್ಗಿ ಓಡುತ್ತ ಬಂದ. 'ಇವನೇ ಚಿಕ್ಕ ಟರ್ಬೊ,' ಎಂದರು ರಾಯರು. 'ಕೂತ ತಕ್ಷಣ ಹಾಜರ್. ಆದ್ರೆ ಇವನ ಕೈಯಲ್ಲಿರೋದು ಎಷ್ಟು? ಒಂದು ಚಮಚ.' ಆಮೇಲೆ ದೂರದ ಪಂಕ್ತಿಯಲ್ಲಿ ಅನ್ನದ ಬುಟ್ಟಿ ಹೊತ್ತ ಭಾರೀ ಮೈಯವರೊಬ್ಬರನ್ನು ಎಡಗೈಯಲ್ಲಿ ತೋರಿಸಿದರು. 'ಅವರು ದೊಡ್ಡ ಟರ್ಬೊ. ಬಂದರೆ ಎಲೆ ತುಂಬತ್ತೆ. ಆದ್ರೆ ಬರಬೇಕಲ್ಲ! ಅಲ್ಲೀವರೆಗೆ ನಾವು ಕೋಸಂಬರಿ ಕೆರೀತಾ ಕೂತಿರಬೇಕು. ಅದಕ್ಕೆ ಟರ್ಬೊ ಲ್ಯಾಗ್ ಅಂತಾರೆ.'

'ಹಾಗಾದರೆ ಇಬ್ಬರೂ ಇದ್ದರೆ ಒಳ್ಳೆಯದಲ್ಲವೇ?' ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಆ ಪ್ರಶ್ನೆಗೆ ಉತ್ತರ ಒಬ್ಬಟ್ಟು ಬಂದು ಹೋದರೂ ಮುಗಿಯಲಿಲ್ಲ.

ಇಬ್ಬರೂ ಇರುವುದೇ ಸೀಕ್ವೆನ್ಶಿಯಲ್. ಕೆಳಗಿನ ಆರ್‌ಪಿಎಮ್ಮಿನಲ್ಲಿ ಒಂದೇ ದುಡಿಯುತ್ತದೆ, ಮೇಲೆ ಹೋದಂತೆ ಇನ್ನೊಂದೂ ಕೈ ಹಾಕುತ್ತದೆ. 1986ರ ಪೋರ್ಶೆ 959ರಲ್ಲಿತ್ತು. 1993ರ ಟೊಯೊಟಾ ಸುಪ್ರಾದಲ್ಲಿತ್ತು. ಅವೆರಡೂ ಆರು ಸಿಲಿಂಡರಿನವು. ಪೆಟ್ರೋಲಿನ ನಾಲ್ಕು ಸಿಲಿಂಡರಿಗೆ ಅದನ್ನು ಕಟ್ಟಿದವರಲ್ಲಿ ಹೆಸರಾದವರು ಸುಬಾರು ಕಂಪನಿಯವರು. 2 ಲೀಟರಿನ ಲೆಗಸಿ ಕಾರಿಗೆ. ಅಲ್ಲಿ ನಡೆದದ್ದು ಇದು: ಒಂದೇ ಟರ್ಬೊ ದುಡಿಯುವಲ್ಲಿಂದ ಎರಡೂ ದುಡಿಯುವಲ್ಲಿಗೆ ದಾಟುವ ನಡುವೆ, 4,000 ಆರ್‌ಪಿಎಮ್ ದಾಟಿದಲ್ಲಿ, ಎಳೆತ ಕುಸಿಯುತ್ತಿತ್ತು. ಓಡಿಸುವವರು ಆ ಜಾಗಕ್ಕೆ 'ಸಾವಿನ ಕಣಿವೆ' ಎಂದೇ ಹೆಸರಿಟ್ಟರು. 'ಉಪ್ಪಿನಕಾಯಿಯವನು ಹೋದ, ಅನ್ನದವರು ಬರಲಿಲ್ಲ,' ಎಂದು ರಾಯರು ಖಾಲಿ ಎಲೆಯ ನಡುವೆ ಬೆರಳಿಟ್ಟು ನಿಟ್ಟುಸಿರಿಟ್ಟರು. ಆ ಕಾರಿನಲ್ಲಿ ಅವರು ಕೂತಿಲ್ಲ, ಕಣ್ಣಾರೆ ಕಂಡೂ ಇಲ್ಲ. ಆದರೂ ಮನೆಯವರೇ ಯಾರೋ ಹೋದಂತೆ ದುಃಖಪಟ್ಟರು.

ರಾಯರಲ್ಲಿ ನನಗೆ ಮೆಚ್ಚುಗೆಯಾಗುವುದು ಅವರ ನಿಷ್ಪಕ್ಷಪಾತ. ಸಿಂಗಲ್ ಟರ್ಬೊ ಪರ ಮಾತಾಡುವವನು ಸಿಕ್ಕರೆ ಸೀಕ್ವೆನ್ಶಿಯಲ್ ಹಿಡಿದು ವಾದಿಸುತ್ತಾರೆ. ಸೀಕ್ವೆನ್ಶಿಯಲ್ ಎಂದವನಿಗೆ, ಸುಪ್ರಾ ಕೊಂಡ ಎಷ್ಟೋ ಜನ ಅವಳಿ ಟರ್ಬೊ ಬಿಚ್ಚಿ ಒಂದೇ ದೊಡ್ಡದನ್ನು ಹಾಕಿಸಿಕೊಂಡ ಕಥೆ ಹೇಳುತ್ತಾರೆ. ಮಾತಿನ ಮಧ್ಯೆ ಬಾಯಲ್ಲೇ 'ಸ್ತು-ತು-ತು' ಎಂದು ಟರ್ಬೊ ಉಸಿರು ಬಿಡುವ ಸದ್ದು ಮಾಡುತ್ತಾರೆ. ಎದುರಿಗೆ ಕೂತವರು ಕರವಸ್ತ್ರ ಇಟ್ಟುಕೊಂಡಿರುವುದು ಕ್ಷೇಮ.

ರಾಯರ ಇನ್ನೊಂದು ವಾದ ಕೇಳಿ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿಯ ಗಾಳಿ ಕರಾವಳಿಯದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ತೆಳು. ಟರ್ಬೊ ಇಲ್ಲದ ಕಾರಿಗೆ ಅಷ್ಟು ಶಕ್ತಿ ಸೋರಿಹೋಗುತ್ತದೆ. ಇದೂ ನಿಜ. ಹಾಗಾಗಿ ಟರ್ಬೊ ಶೋಕಿಯಲ್ಲ, ಬೆಂಗಳೂರಿನ ಭೂಗೋಳದ ಬೇಡಿಕೆ ಎಂದು ರಾಯರು ಮಂಗಳೂರಿನ ಮಾವನವರಿಗೆ ವಿವರಿಸಿದ್ದಾರೆ. ಮಾವನವರು ತಮ್ಮ ಮಾರುತಿ 800ರ ಕೀಲಿ ತೆಗೆದುಕೊಂಡು ಮೀನು ತರಲು ಹೊರಟರು.

ಮನೆಯಾಕೆಯ ನಿಲುವು ಇನ್ನೂ ಸರಳ. 'ಒಂದಾದ್ರೂ ಹಾಕಿಸ್ಕೊಳ್ಳಿ, ಎರಡಾದ್ರೂ ಹಾಕಿಸ್ಕೊಳ್ಳಿ. ಮೊದಲು ಆ ಏಸಿ ಸರಿ ಮಾಡ್ಸಿ.' ಹೀಗೆಂದು ಆಕೆ ಆಫೀಸಿಗೆ ಮೆಟ್ರೊ ಹಿಡಿಯುತ್ತಾರೆ.

ರಾಯರ ಮಾತನ್ನು ನಿಲ್ಲಿಸಬಲ್ಲವನು ಒಬ್ಬನೇ, ವಿಲ್ಸನ್ ಗಾರ್ಡನ್ ಕಡೆಯ ಮೆಕ್ಯಾನಿಕ್ ಹುಡುಗ. ಒಂದು ದಿನ ನಾನೂ ಜೊತೆಗಿದ್ದೆ. ರಾಯರು ಜೇಬಿನಿಂದ ಡ್ರಾಯಿಂಗ್ ತೆಗೆದು ಬಾನೆಟ್ ಮೇಲೆ ಹರಡಿದರು. ಅದರಲ್ಲಿ ಎರಡು ಟರ್ಬೊ, ನಾಲ್ಕೈದು ವಾಲ್ವು, ಎಣಿಸಲಾಗದಷ್ಟು ವ್ಯಾಕ್ಯೂಮ್ ಪೈಪು. ಹುಡುಗ ಕೈ ಒರೆಸಿಕೊಂಡು ನೋಡಿದ. ಡ್ರಾಯಿಂಗನ್ನು ಪಕ್ಕಕ್ಕಿಟ್ಟು ಬಾನೆಟ್ ಎತ್ತಿದ. ಎಂಜಿನ್ನಿಗೂ ಹಿಂದಿನ ಗೋಡೆಗೂ ನಡುವೆ ಅಂಗೈ ತೂರಿಸಿದ, ಮಣಿಕಟ್ಟಿಗೇ ಸಿಕ್ಕಿಕೊಂಡಿತು. 'ಸಾರ್, ಒಂದಕ್ಕೇ ಜಾಗ ಇಲ್ಲ. ಎರಡನೇದು ಡಿಕ್ಕೀಲಿ ಇಡ್ಲಾ?' ಎಂದ. ಆಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿ, 'ಆಯಿಲ್ ಯಾವಾಗ ಬದಲಾಯ್ಸಿದ್ರಿ ಸಾರ್?' ಎಂದ. ರಾಯರು ಡ್ರಾಯಿಂಗ್ ಮಡಿಸತೊಡಗಿದರು.

ಕಾನೂನಿನ ಕಥೆ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಕಂಪನಿ ಕೊಟ್ಟ ಗಾಡಿಯ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. ರಾಯರ ಕಾರಿಗೆ 15 ವರ್ಷ ತುಂಬಿದೆ, ಆರ್‌ಟಿಒ ಕಚೇರಿಯಲ್ಲಿ ತಪಾಸಣೆಗೆ ನಿಲ್ಲಿಸಿದರೇ ಆರ್‌ಸಿ ಮುಂದುವರಿಯುವುದು. ಎರಡು ಟರ್ಬೊ ಹೊತ್ತ ಎಂಜಿನ್ನನ್ನು ಇನ್‌ಸ್ಪೆಕ್ಟರ ಮುಂದೆ ತೆರೆದು ತೋರಿಸುವ ಧೈರ್ಯ ಸಾವಿನ ಕಣಿವೆಯನ್ನು ಕಂಡವರಿಗೂ ಇರಲಾರದು.

ಒಂದೋ ಎರಡೋ ಎಂಬುದರ ತೀರ್ಪು ಕೇಳಿದರೆ, ಅದು ಬಂದು ಎಷ್ಟೋ ಕಾಲವಾಯಿತು. 2003ರಲ್ಲಿ ಹೊಸ ಲೆಗಸಿ ಮಾಡುವಾಗ ಸುಬಾರುವಿನವರೇ ಸೀಕ್ವೆನ್ಶಿಯಲ್ ಬಿಟ್ಟು ಒಂದೇ ಟ್ವಿನ್ ಸ್ಕ್ರೋಲ್ ಟರ್ಬೊಗೆ ಬಂದರು. ರಾಯರ ಕಾರಿನಂತೆ ಸಾಲಾಗಿ ನಿಂತ ನಾಲ್ಕು ಸಿಲಿಂಡರು ಸಾಮಾನ್ಯವಾಗಿ 1-3-4-2ರ ಸರದಿಯಲ್ಲಿ ಉರಿಯುತ್ತವೆ. 1 ಮತ್ತು 4ರ ಹೊಗೆಗೆ ಒಂದು ದಾರಿ, 2 ಮತ್ತು 3ರದಕ್ಕೆ ಇನ್ನೊಂದು ದಾರಿ ಮಾಡಿಕೊಟ್ಟರೆ ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ಒಂದೇ ಟರ್ಬೊ ಬೇಗ ಏಳುತ್ತದೆ. ನಾಲ್ಕು ಸಿಲಿಂಡರಿಗೆ ಅಷ್ಟು ಸಾಕು. ರಾಯರಿಗೆ ಇದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಗೊತ್ತಿದೆ ಎಂದು ಒಪ್ಪಿಕೊಂಡರೆ ಮುಂದಿನ ಭಾನುವಾರ ನಂದಿಬೆಟ್ಟದ ಬುಡದಲ್ಲಿ ಇಡ್ಲಿ ತಿನ್ನುತ್ತ ಏನು ಮಾತಾಡುವುದು?

ಆದ್ದರಿಂದ ನಿಮ್ಮ ಬೇಸ್‌ಮೆಂಟಿನ ರಾಯರು ಅಡ್ಡ ಹಾಕಿ 'ಒಂದೋ, ಎರಡೋ?' ಎಂದು ಕೇಳಿದರೆ ಯಾವುದಾದರೂ ಒಂದು ಹೇಳಿ ಲಿಫ್ಟು ಹತ್ತಿ. ಹೊಗೆಯ ಬದಲು ಎಂಜಿನ್ನೇ ತಿರುಗಿಸಿ ಗಾಳಿ ತುರುಕುವ ಸೂಪರ್‌ಚಾರ್ಜರ್ ಎನ್ನುವ ಮಾತನ್ನು ಮಾತ್ರ ಅಪ್ಪಿತಪ್ಪಿಯೂ ಎತ್ತಬೇಡಿ. 1985ರಲ್ಲಿ ಲಾನ್ಸಿಯಾ ಡೆಲ್ಟಾ ಎಸ್4 ಎಂಬ ರ‍್ಯಾಲಿ ಕಾರಿನ ನಾಲ್ಕು ಸಿಲಿಂಡರಿಗೆ ಸೂಪರ್‌ಚಾರ್ಜರ್ ಮತ್ತು ಟರ್ಬೊ ಎರಡನ್ನೂ ಒಟ್ಟಿಗೆ ಹಾಕಿದ್ದರು, ಮತ್ತು ರಾಯರಿಗೆ ಸದ್ಯಕ್ಕೆ ಅದರ ನೆನಪಿಲ್ಲ.