ಗ್ರಿಯರ್-ಬ್ಲ್ಯಾಕ್-ಪ್ರುಡೋಮ್: ಇದು ಯಾವ ಸಮಾಸ?

ಕನ್ನಡ ವೈಯಾಕರಣರು ಕೈಹಾಕದೆ ಬಿಟ್ಟಿರುವ ವಿಷಯಗಳಲ್ಲಿ ಅಮೆರಿಕದ ಡ್ರ್ಯಾಗ್ ರೇಸ್ ಮುಖ್ಯವಾದುದು. ಕೇಶಿರಾಜನಲ್ಲಿ ಇದರ ಸುಳಿವೇ ಇಲ್ಲ. ಅವನದು 13ನೆಯ ಶತಮಾನ. ಕ್ಯಾಲಿಫೋರ್ನಿಯದ ಸಾಂಟಾ ಆನಾದಲ್ಲಿ ಸಿ.ಜೆ. ಹಾರ್ಟ್ ಎಂಬಾತ ವಿಮಾನ ನಿಲ್ದಾಣದ ರನ್‌ವೇ ಹಿಡಿದು, ತಲೆಗೆ 50 ಸೆಂಟ್‌ನಂತೆ ವಸೂಲಿ ಮಾಡಿ ಕಾರುಗಳನ್ನು ಜೋಡಿ ಜೋಡಿಯಾಗಿ ಓಡಿಸತೊಡಗಿದ್ದು 1950ರಲ್ಲಿ. ಆದ್ದರಿಂದ ಕೇಶಿರಾಜನನ್ನು ಕ್ಷಮಿಸೋಣ. ಆಮೇಲೆ ಬಂದವರಿಗೆ ಆ ರಿಯಾಯಿತಿ ಇಲ್ಲ.

ವಿಷಯ ಇಷ್ಟೆ. ಎರಡು ಗಾಡಿಗಳು ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ನೆಟ್ಟಗೆ ಓಡಬೇಕು. ತಿರುವಿಲ್ಲ, ಎರಡನೆಯ ಸುತ್ತಿಲ್ಲ. ಪೆಟ್ರೋಲ್ ಬಿಟ್ಟು ನೈಟ್ರೊಮೀಥೇನ್ ಕುಡಿಯುವ ಗಾಡಿಗೆ ಫ್ಯೂಯಲ್ ಡ್ರ್ಯಾಗ್‌ಸ್ಟರ್ ಎಂದು ಹೆಸರು. 1960ರ ದಶಕದ ಮೊದಲಲ್ಲಿ ಇಂಥ ಗಾಡಿ ಈ ದೂರವನ್ನು ಎಂಟು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಿತ್ತು. ಎಂಟು ಸೆಕೆಂಡಿನ ಕೆಲಸಕ್ಕೆ ವಾರವೆಲ್ಲ ಗ್ಯಾರೇಜಿನಲ್ಲಿ ಬೆವರುವವರು ತಮ್ಮ ಹೆಸರುಗಳನ್ನು ಗಾಡಿಯ ಪಕ್ಕೆಗೆ ಬರೆಸಿ, ನಡುವೆ ಅಡ್ಡಗೆರೆ ಎಳೆಸುತ್ತಿದ್ದರು. ನಮ್ಮ ಸಂಶೋಧನೆ ಆರಂಭವಾಗುವುದು ಆ ಅಡ್ಡಗೆರೆಯಿಂದ. ಹೆಸರುಗಳ ನಡುವೆ ಅಡ್ಡಗೆರೆ ಬಂತೆಂದರೆ ಅದು ಸಮಾಸ. ಸಮಾಸವೆಂದ ಮೇಲೆ ಯಾವ ಸಮಾಸ ಎಂದು ಕೇಳದೆ ಬಿಡುವುದು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವ್ಯಾಕರಣ ಪಾಠ ಮಾಡಿದವನಿಗೆ ಸಾಧ್ಯವಿಲ್ಲ.

ಗ್ರಿಯರ್-ಬ್ಲ್ಯಾಕ್-ಪ್ರುಡೋಮ್ ತಂಡ 1962ರಿಂದ 1964ರವರೆಗೆ ಕ್ಯಾಲಿಫೋರ್ನಿಯದಲ್ಲಿ ಎದುರಾಳಿಗಳ ನಿದ್ದೆಗೆಡಿಸಿತ್ತು. ಟಾಮ್ ಗ್ರಿಯರ್ ಹಣ ಹಾಕಿದವನು. ಕೀತ್ ಬ್ಲ್ಯಾಕ್ ಎಂಜಿನ್ ಕಟ್ಟಿದವನು. ಓಟದ ದೋಣಿಗಳ ಎಂಜಿನ್ನಿನಲ್ಲಿ ಪಳಗಿದ ಕೈ. ಡಾನ್ ಪ್ರುಡೋಮ್ ಓಡಿಸಿದವನು. ಅದಕ್ಕೆ ಮುಂಚೆ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ ಹುಡುಗ. ಮೇಲ್ನೋಟಕ್ಕೆ ಇದು 'ಗಿಡಮರಬಳ್ಳಿ'ಯ ಹಾಗೆ ದ್ವಂದ್ವ: ಎಲ್ಲ ಪದಗಳೂ ಪ್ರಧಾನ. ಪಾಲುಗಾರಿಕೆಯ ಮೊದಲ ವಾರ ಎಲ್ಲ ತಂಡಗಳೂ ದ್ವಂದ್ವವೇ.

ಆದರೆ ಒಳಗೆ ಹೊಕ್ಕು ನೋಡಿದರೆ ಮತಭೇದವಿದೆ. ಹಣ ಹಾಕಿದವನ ಹೆಸರು ಮೊದಲು ಬಂದಿರುವುದರಿಂದ ಪೂರ್ವಪದವೇ ಪ್ರಧಾನ, ಇದು 'ಅಂಗೈ', 'ಮುಂಗಾಲು'ಗಳಂತೆ ಅಂಶಿಸಮಾಸ ಎಂದು ಹಣದ ಪಕ್ಷ ವಾದಿಸಬಹುದು. ಜನ ಕೂಗುವುದು ಓಡಿಸುವವನ ಹೆಸರನ್ನು, ಆದ್ದರಿಂದ ಉತ್ತರಪದವೇ ಪ್ರಧಾನ, ಇದು ತತ್ಪುರುಷ ಎಂಬುದು ಅಭಿಮಾನಿಗಳ ಪಕ್ಷ. ಅವರ ಕೈಯಲ್ಲೊಂದು ಬಲವಾದ ಪುರಾವೆಯೂ ಇದೆ. 1962ರ ಮಾರ್ಚಿನಲ್ಲಿ ಬೇಕರ್ಸ್‌ಫೀಲ್ಡ್ ಪಂದ್ಯ ಗೆದ್ದಾಗ ಇದೇ ಪ್ರುಡೋಮ್ ಕೆಂಟ್ ಫುಲ್ಲರ್ ಮತ್ತು ಡೇವ್ ಝೋಯ್ಶೆಲ್ ಜೊತೆಗಿದ್ದ. ಅಲ್ಲಿಂದ ಇಲ್ಲಿಗೆ ಬರುವಾಗ ಪೂರ್ವಪದಗಳು ಬದಲಾದವು, ಉತ್ತರಪದ ಅಲ್ಲಾಡಲಿಲ್ಲ. ನಡುವಿನ ಪದವಾದ ಬ್ಲ್ಯಾಕ್ ಯಾವ ಪಕ್ಷಕ್ಕೂ ಸಲ್ಲದೆ ಎಂಜಿನ್ನಿನೊಳಗೆ ತಲೆಯಿಟ್ಟಿದ್ದಾನೆ. ಮಧ್ಯಮಪದಕ್ಕೆ ಪ್ರಾಧಾನ್ಯ ಕೊಡುವ ಸಮಾಸವನ್ನು ನಮ್ಮ ಪೂರ್ವಿಕರು ಏರ್ಪಡಿಸಿಯೇ ಇಲ್ಲ. ಮೆಕ್ಯಾನಿಕ್‌ಗಳಿಗೆ ಆಗಿರುವ ಅನ್ಯಾಯ ಅಷ್ಟು ಹಳೆಯದು.

ಫ್ಲಾರಿಡದ ಡಾನ್ ಗಾರ್ಲಿಟ್ಸ್‌ನದು ಬೇರೆ ಪ್ರಕರಣ. ಮನೆಯವರೂ ಗೆಳೆಯರೂ ಸೇರಿ ದುಡಿದರೂ ಹೊರಗೆ ಕಾಣುವುದು ಒಂದೇ ಹೆಸರು. ಇದು ಏಕಶೇಷ. 1959ರಲ್ಲಿ ಗಾಡಿಗೆ ಬೆಂಕಿ ಹತ್ತಿ ಗಾರ್ಲಿಟ್ಸ್ ಸುಟ್ಟುಕೊಂಡು ಮಲಗಿದಾಗ ಸೀಟಿಗೆ ಆರ್ಟ್ ಮಲೋನ್ ಬಂದ. ಒಂದು ಅಕ್ಷರದ ಜಾಗಕ್ಕೆ ಇನ್ನೊಂದು ಬಂದರೆ ಆದೇಶಸಂಧಿ ಎಂದು ಏಳನೆಯ ಕ್ಲಾಸಿನ ಮಗುವಿಗೂ ಗೊತ್ತು.

ಈಗ ಅರಿಸಮಾಸದ ವಿಚಾರ. ಸಂಸ್ಕೃತ, ಕನ್ನಡ ಎಂದು ಜಾತಿ ಬೇರೆಯಾದ ಪದಗಳನ್ನು ಬೆರೆಸಬಾರದೆಂದು ಪಂಡಿತರು ಗದರುವುದುಂಟು. ಪೆಟ್ರೋಲಿಗಾಗಿ ಹುಟ್ಟಿದ ಕ್ರೈಸ್ಲರ್ ಕಂಪನಿಯ 392 ಘನ ಇಂಚಿನ ಎಂಜಿನ್. ಅದರ ತಲೆಯ ಮೇಲೆ, ಮೂಲತಃ ಲಾರಿ-ಬಸ್ಸುಗಳ ಡೀಸೆಲ್ ಎಂಜಿನ್ನಿಗೆ ಗಾಳಿಯೂದುತ್ತಿದ್ದ ಬ್ಲೋವರ್. ಹೊಟ್ಟೆಗೆ, ಕಾರ್ಖಾನೆಗಳು ದ್ರಾವಕವಾಗಿ ಬಳಸುತ್ತಿದ್ದ ನೈಟ್ರೊಮೀಥೇನ್. ಇದಕ್ಕಿಂತ ದೊಡ್ಡ ಅರಿಸಮಾಸ ಉಂಟೆ? ನೈಟ್ರೊದ ಗುಟ್ಟು ಏನೆಂದರೆ ಅದು ತನ್ನ ಆಮ್ಲಜನಕದ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುತ್ತದೆ. ಒಂದು ಕಿಲೊ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕಾದರೆ ನೈಟ್ರೊಗೆ 1.7 ಕಿಲೊ ಸಾಕು. ಕಿಲೊ ಲೆಕ್ಕದಲ್ಲಿ ಅದರ ಕಸುವು ಪೆಟ್ರೋಲಿನ ಕಾಲು ಭಾಗವೇ ಇರಬಹುದು. ಆದರೆ ಅಷ್ಟೇ ಗಾಳಿಗೆ ಎಂಟು ಪಟ್ಟು ಸುರಿಯಬಹುದಲ್ಲ! ಲೆಕ್ಕ ಕೂಡಿಸಿದರೆ ಎರಡು ಪಟ್ಟಿಗೂ ಮೀರಿದ ಶಕ್ತಿ. ಸಂಸ್ಕೃತವನ್ನು ಇದೇ ಪ್ರಮಾಣದಲ್ಲಿ ಸುರಿದ ಚಂಪೂಕವಿಗಳು ನಮ್ಮಲ್ಲೂ ಇದ್ದರು, ಓದುಗನ ಪಿಸ್ಟನ್ ಕರಗುವವರೆಗೆ.

1958ರಲ್ಲಿ ನೈಟ್ರೊ ತುಂಬಿದ ರೈಲು ಟ್ಯಾಂಕರುಗಳು ಎರಡು ಕಡೆ ಸ್ಫೋಟಿಸಿದವು. ಅದಕ್ಕೂ ಮುಂಚೆ, 1957ರಲ್ಲೇ, ವಾಲಿ ಪಾರ್ಕ್ಸ್ ಕಟ್ಟಿದ ರಾಷ್ಟ್ರೀಯ ಹಾಟ್ ರಾಡ್ ಸಂಘ ತನ್ನ ಪಂದ್ಯಗಳಲ್ಲಿ ಇಂಥ ಇಂಧನಗಳನ್ನು ನಿಷೇಧಿಸಿ ಪೆಟ್ರೋಲಿನ ಶುದ್ಧಭಾಷೆಯಲ್ಲೇ ಮಾತಾಡಿ ಎಂದಿತ್ತು. ನಿಷೇಧ ಸಡಿಲವಾಗಲು 1963 ಬರಬೇಕಾಯಿತು. ಅಷ್ಟರಲ್ಲಿ ಬೇಕರ್ಸ್‌ಫೀಲ್ಡಿನ 'ಸ್ಮೋಕರ್ಸ್' ಎಂಬ ಕ್ಲಬ್ಬು 1959ರಲ್ಲೇ ಬೆರಕೆಯವರಿಗೆಲ್ಲ ಬನ್ನಿ ಎಂದು ಪಂದ್ಯ ಇಟ್ಟಾಗಿತ್ತು. ಬಿರುದಾವಳಿಗಳಲ್ಲಿ ಅರಿಸಮಾಸಕ್ಕೆ ದೋಷವಿಲ್ಲ ಎಂಬ ವಿನಾಯಿತಿ ಕೇಶಿರಾಜನಲ್ಲಿದೆ. ಈ ವಿನಾಯಿತಿ ಕ್ಯಾಲಿಫೋರ್ನಿಯಕ್ಕೂ ತಲುಪಿತ್ತೆಂದೇ ನನ್ನ ಅನುಮಾನ. ಇಲ್ಲದಿದ್ದರೆ ನೈಟ್ರೊ ಸುರಿದವರೆಲ್ಲ ಒಂದೊಂದು ಬಿರುದನ್ನೂ ಹೊತ್ತು ತಿರುಗಿದ್ದೇಕೆ? ಪ್ರುಡೋಮ್ 'ಹಾವು', ಗಾರ್ಲಿಟ್ಸ್ 'ದೊಡ್ಡಪ್ಪ', ಶಿಕಾಗೋದ ಕ್ರಿಸ್ ಕಾರಮೆಸೀನ್ಸ್ 'ಗ್ರೀಕ'.

ಬೆರಕೆ ಮಾಡುವ ವಿಧಿಯನ್ನು ಹತ್ತಿರದಿಂದ ನೋಡಬೇಕು. ಮೆಥನಾಲ್ ಇರುವ ಡಬ್ಬಕ್ಕೆ ನೈಟ್ರೊ ಹುಯ್ಯುತ್ತಾರೆ. ಹಾಲಿನ ಡೈರಿಯಲ್ಲಿ ನೀರು ಬೆರೆತಿದೆಯೇ ಎಂದು ನೋಡಲು ಇಳಿಬಿಡುವಂಥ ಗಾಜಿನ ತೇಲುಬುರುಡೆಯನ್ನು ಇಳಿಬಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದುತ್ತಾರೆ. ಬಿಸಿಲೇರಿದರೆ ಓದೂ ಬದಲು. ಆದ್ದರಿಂದ ಥರ್ಮಾಮೀಟರೂ ಬೇಕು. ಎಂಬತ್ತು ಪರ್ಸೆಂಟ್ ಬಂತು, ಸಾಕು ಎನ್ನುವಷ್ಟರಲ್ಲಿ ಪಕ್ಕದ ತಂಡದವನು ಗೆದ್ದ ಸುದ್ದಿ ಬರುತ್ತದೆ. ಡಬ್ಬ ತಾನಾಗಿಯೇ ಇನ್ನಷ್ಟು ಬಾಗುತ್ತದೆ. ಡಬ್ಬ ಬಗ್ಗಿಸುವುದು ಎಂಬುದೇ ಆ ಜನರ ನುಡಿಗಟ್ಟು. ನಾನೂ ಒಂದು ಕಾಲದಲ್ಲಿ ಮೊಪೆಡ್ಡಿನ ಪೆಟ್ರೋಲಿಗೆ ಆಯಿಲ್ ಬೆರೆಸಿದವನು. ನಾಲ್ಕು ಹನಿ ಹೆಚ್ಚಾದರೆ ಹೊಗೆ ಬರುತ್ತಿತ್ತು, ಅಷ್ಟೆ. ಇಲ್ಲಿ ಎಂಜಿನ್ನೇ ಎದ್ದುಹೋಗುತ್ತದೆ.

ಇನ್ನು ಪ್ರಯೋಗ, 1960ರ ದಶಕದ ಮೊದಲಿನದು. ಎಂಜಿನ್ನಿಗೆ ಸ್ಟಾರ್ಟರ್ ಇಲ್ಲ, ಗಾಡಿಗೆ ಗೇರುಪೆಟ್ಟಿಗೆಯೂ ಇಲ್ಲ. ಹಿಂದಿನಿಂದ ಒಂದು ಪಿಕಪ್ ಟ್ರಕ್ ತಳ್ಳಬೇಕು. ಬ್ಯಾಟರಿ ಸತ್ತ ಅಂಬಾಸಿಡರನ್ನು ತಳ್ಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಚಾಲಕ ಹಿಂದಿನ ಅಚ್ಚಿಗೂ ಹಿಂದೆ, ರಬ್ಬರ್ ಬಿಲ್ಲಿನಲ್ಲಿಟ್ಟ ಕಲ್ಲಿನಂತೆ ಕೂತಿರುತ್ತಾನೆ. ಆ ಅಚ್ಚನ್ನು ಗರಗರ ತಿರುಗಿಸುವ ಹಲ್ಲುಚಕ್ರಗಳ ಡಬ್ಬಿ ಅವನ ಎರಡು ಕಾಲುಗಳ ನಡುವೆ. ಬುರ್ರ್ ಎಂದು ಎಂಜಿನ್ ಹತ್ತಿದ ಕೂಡಲೇ ಹೊಗೆಯಲ್ಲಿರುವ ಆಮ್ಲದ ಆವಿ ಕಣ್ಣಿಗೆ ಹೊಡೆದು, ಬೇಲಿಯ ಬಳಿ ನಿಂತ ಪ್ರೇಕ್ಷಕರೆಲ್ಲ ಕರುಣರಸದಲ್ಲಿ ಮುಳುಗುತ್ತಾರೆ. 1963ರಲ್ಲಿ ಸಾಲುದೀಪದ ಕಂಬ ಬರುವ ಮುಂಚೆ ಬಾವುಟ ಹಿಡಿದವನೊಬ್ಬ ಎರಡು ಗಾಡಿಗಳ ಮುಂದೆ ನಿಂತು ಹಾರುತ್ತಿದ್ದ. ಬಾವುಟ ಎದ್ದಿತು. ಚಾಲಕ ಕ್ಲಚ್ ಬಿಟ್ಟ. ಹಿಂದಿನ ಬೋಳು ಟೈರುಗಳು ನೆಲಕ್ಕೆ ತಾಗಿಯೂ ಹಿಡಿಯದೆ, ಕಾಲು ಮೈಲಿಯುದ್ದಕ್ಕೂ ಹೊಗೆ ಕಾರುತ್ತ ತಿರುಗುತ್ತವೆ. ಒತ್ತಕ್ಷರವಿದ್ದರೂ ಒತ್ತಿ ಉಚ್ಚರಿಸದ ಇದಕ್ಕೆ ಶಿಥಿಲದ್ವಿತ್ವ ಎನ್ನದೆ ಬೇರೇನೆನ್ನಬೇಕು? ಎಂಜಿನ್ ಚಾಲಕನ ಮುಂದೆಯೇ ಇರುವುದರಿಂದ ಅದು ಒಡೆದರೆ ಬಿಸಿ ಎಣ್ಣೆಯ ಅಭ್ಯಂಜನ ನೇರ ಮುಖಕ್ಕೆ. ಇಷ್ಟಾಗಿಯೂ 1964ರ ಆಗಸ್ಟ್‌ನಲ್ಲಿ ಗಾರ್ಲಿಟ್ಸ್ ನ್ಯೂಜೆರ್ಸಿಯಲ್ಲಿ ಗಂಟೆಗೆ 201.34 ಮೈಲಿ, ಅಂದರೆ 324 ಕಿಲೊಮೀಟರ್ ಮುಟ್ಟಿದ.

ಓಟ ಮುಗಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಟನ್ನೂ ಸಾಲಾಗಿ ಇಟ್ಟು, ಭೂತಗನ್ನಡಿ ಹಿಡಿದು ಅವುಗಳ ತುದಿಯ ಬಣ್ಣ ನೋಡಿ ಭವಿಷ್ಯ ಹೇಳುವುದೂ ಒಂದು ಶಾಸ್ತ್ರ. ಅದು ಜ್ಯೋತಿಷದ ವಿಭಾಗಕ್ಕೆ ಸೇರಿದ್ದರಿಂದ ಬಿಟ್ಟಿದ್ದೇನೆ.

1965ಕ್ಕೆ ಪ್ರುಡೋಮ್ ರೋಲಂಡ್ ಲಿಯಾಂಗ್‌ನ 'ಹವಾಯಿಯನ್' ಗಾಡಿಗೆ ಹೋಗಿ, ಆ ವರ್ಷ ಸಂಘದ ಎರಡು ದೊಡ್ಡ ಪಂದ್ಯಗಳನ್ನು ಗೆದ್ದ. ಇತ್ತ ಸಮಾಸದಲ್ಲಿ ಲೋಪಸಂಧಿ. ತತ್ಪುರುಷ ಪಕ್ಷದವರು ಇದನ್ನೇ ಜಯವೆಂದು ಸಾರಿದರೆ ಸಾರಲಿ. ನನ್ನ ಸಿದ್ಧಾಂತ ಬೇರೆ: ಇದು ಬಹುವ್ರೀಹಿ. 'ಮುಕ್ಕಣ್ಣ' ಎಂದರೆ ಮೂರೂ ಅಲ್ಲ, ಕಣ್ಣೂ ಅಲ್ಲ, ಎರಡರಲ್ಲೂ ಹೆಸರಿಲ್ಲದ ಶಿವ. ಹಾಗಾದರೆ ಇಲ್ಲಿ ಆ ಅನ್ಯಪದ ಯಾರು?

ಅವನನ್ನು ಹುಡುಕಬೇಕಾದ್ದು ಗೆರೆ ದಾಟಿದ ಆಚೆಯ ತುದಿಯಲ್ಲಿ, ದೀಪಗಳ ಬೆಳಕು ಮುಟ್ಟದಲ್ಲಿ. ಎಂಜಿನ್ ಆರಿದೆ. ಕನ್ನಡಕದ ಜಾಗ ಬಿಟ್ಟು ಚಾಲಕನ ಮುಖವೆಲ್ಲ ಎಣ್ಣೆ. ಆ ತಳ್ಳಿದ ಟ್ರಕ್ಕೇ ಪಕ್ಕದ ದಾರಿಯಲ್ಲಿ ಬಂದು ನಿಲ್ಲುತ್ತದೆ. ಅದರಿಂದ ಇಳಿದ ಹುಡುಗನ ಹೆಸರನ್ನು ಗಾಡಿಯ ಪಕ್ಕೆಗೆ ಯಾರೂ ಬರೆಸಿಲ್ಲ. ಅವನು ಗಾಡಿಯ ಓಟಕ್ಕೆ ತಡೆ ಹಾಕಿ ಧೂಳಿನಲ್ಲಿ ಬಿದ್ದ ಪ್ಯಾರಾಷೂಟನ್ನು ಎತ್ತಿ, ಮುಳ್ಳು ಕಿತ್ತು, ಹಗ್ಗದ ಸಿಕ್ಕು ಬಿಡಿಸಿ, ಸೀರೆ ನೆರಿಗೆ ಹಿಡಿದಂತೆ ಮಡಿಸುತ್ತ ಕೂರುತ್ತಾನೆ. ಒಂದು ಮಡಿಕೆ ತಪ್ಪಿದರೂ ಮುಂದಿನ ಓಟದಲ್ಲಿ ಉತ್ತರಪದಕ್ಕೆ ಲೋಪ.